ಎರಡನೇ ಭಾನುವಾರ ಲಾಲ್‌ಬಾಗಿಗೆ ಬನ್ನಿ

"ಬರ್ತೀನಿ ಸಾರ್, ಆದ್ರೆ ನಂಗೆ ಹಕ್ಕಿಗಳ ಹೆಸರೇ ಗೊತ್ತಿಲ್ಲ." ಹೊಸಬರು ಫೋನು ಮಾಡಿದಾಗ ಹೆಚ್ಚಾಗಿ ಇದೇ ಮಾತು. ಮೂವತ್ತು ವರ್ಷ ಮೇಷ್ಟರಾಗಿದ್ದವನ ಕಿವಿಗೆ ಅದು ಪರೀಕ್ಷೆಯ ಹಿಂದಿನ ರಾತ್ರಿಯ ದನಿಯಂತೆ ಕೇಳಿಸುತ್ತದೆ. ಗೊತ್ತಿರುವ ಹಕ್ಕಿಗಳನ್ನು ಬೆರಳು ಮಡಿಚಿ ಎಣಿಸಿ ಅನ್ನುತ್ತೇನೆ. ಕಾಗೆ, ಗುಬ್ಬಿ, ಪಾರಿವಾಳ, ಗಿಳಿ, ಹದ್ದು, ಗರುಡ, ಕೋಗಿಲೆ, ಗೂಬೆ, ನವಿಲು, ಬೆಳ್ಳಕ್ಕಿ, ಮರಕುಟಿಗ. ಒಂದು ಕೈ ಮುಗಿದು ಇನ್ನೊಂದು ಕೈಯೂ ಮುಗಿದಿರುತ್ತದೆ. ಕೋಳಿಯನ್ನೂ ಸೇರಿಸುವವರಿದ್ದಾರೆ, ಅದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟು ಗೊತ್ತಿದ್ದರೆ ಧಾರಾಳವಾಗಿ ಬರಬಹುದು.

ಎಲ್ಲಿಗೆ ಅನ್ನುತ್ತೀರೋ? ಬೆಂಗಳೂರಿನವರಾದರೆ ಲಾಲ್‌ಬಾಗಿಗೆ. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಅವರು ಇಲ್ಲಿ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಆಫ್ ಬೆಂಗಳೂರು ಎಂಬ ಸಂಘ ಕಟ್ಟಿದರು. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಗಾಜಿನ ಮನೆಯ ಹತ್ತಿರ ಸೇರುವ ರೂಢಿ ಆ ಸಂಘದಿಂದ ಬಂದದ್ದು. ನಗರ ಗುರುತು ಸಿಗದಷ್ಟು ಬದಲಾದರೂ ಎರಡನೇ ಭಾನುವಾರ ಬದಲಾಗಲಿಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ. ಬೇರೆ ಊರಿನವರು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಒಮ್ಮೆ ವಿಚಾರಿಸಿ ನೋಡಿ, ಹಕ್ಕಿಯ ಹುಚ್ಚಿನವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಹುಚ್ಚಿನವರು ಮೂವರಾದರೆ ಸಂಘವಾದಂತೆಯೇ.

ತರಬೇಕಾದ್ದು ಕಡಿಮೆ. ಮಣ್ಣಿನ ಬಣ್ಣದ ಅಥವಾ ಎಲೆಯ ಬಣ್ಣದ ಬಟ್ಟೆ, ಸವೆದರೂ ಬೇಸರವಾಗದ ಚಪ್ಪಲಿ ಅಥವಾ ಶೂ, ನೀರು, ಒಂದು ಸಣ್ಣ ನೋಟುಪುಸ್ತಕ, ಪೆನ್ಸಿಲ್. ಪೆನ್ಸಿಲ್ ಯಾಕೆಂದರೆ ಇಬ್ಬನಿಯಲ್ಲಿ ಪೆನ್ನಿನ ಶಾಯಿ ಹರಡಿಕೊಳ್ಳುತ್ತದೆ.

ದುರ್ಬೀನು ಮೊದಲ ದಿನವೇ ಕೊಳ್ಳಬೇಡಿ. ಗುಂಪಿನಲ್ಲಿ ಹೋಗುವುದರ ದೊಡ್ಡ ಲಾಭವೇ ಇದು: ನಾಲ್ಕು ಜನರ ದುರ್ಬೀನಿನಲ್ಲಿ ನೋಡಿ, ಯಾವುದು ಕೈಗೆ ಒಗ್ಗುತ್ತದೆ ಎಂದು ತಿಳಿದ ಮೇಲೆ ಕೊಂಡರಾಯಿತು. ಅದರ ಮೇಲೆ 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರು ಎಂದರ್ಥ. ಗಾಜು ಅಗಲವಾದಷ್ಟೂ ಮರದ ನೆರಳಿನೊಳಗೆ ಬೆಳಕು ಹೆಚ್ಚು ಸಿಗುತ್ತದೆ. ಅಂಗಡಿಯವನು ಇಪ್ಪತ್ತು ಪಟ್ಟಿನದನ್ನು ತೋರಿಸಿ ಆಸೆ ಹುಟ್ಟಿಸಬಹುದು, ಮರುಳಾಗಬೇಡಿ. ಹಕ್ಕಿ ಇಪ್ಪತ್ತು ಪಟ್ಟು ದೊಡ್ಡದಾಗುವಾಗ ನಿಮ್ಮ ಕೈನಡುಕವೂ ಇಪ್ಪತ್ತು ಪಟ್ಟು ಆಗುತ್ತದೆ.

ಎರವಲು ಸಿಕ್ಕ ದುರ್ಬೀನನ್ನು ಹಾಗೇ ಕಣ್ಣಿಗೆ ಹಚ್ಚಿ "ಏನೂ ಕಾಣ್ತಿಲ್ಲ" ಅನ್ನುವವರೇ ಹೆಚ್ಚು. ಅದು ಹಿಂದಿನವರ ಕಣ್ಣಿಗೆ ಹೊಂದಿಸಿದ್ದು, ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಎರಡು ಕೊಳವೆಗಳನ್ನು ಅಗಲಿಸಿ, ಕಿರಿದಾಗಿಸಿ, ಎರಡು ಸುತ್ತು ಕಾಣುವುದು ಒಂದೇ ಸುತ್ತಾಗುವವರೆಗೆ ತನ್ನಿ. ಕನ್ನಡಕ ಇದ್ದರೆ ಕಣ್ಣಿನ ಕಡೆಯ ರಬ್ಬರು ಬಳೆಯನ್ನು ಒಳಕ್ಕೆ ಇಳಿಸಿ. ಆಮೇಲೆ ಬಲಗಣ್ಣು ಮುಚ್ಚಿ, ದೂರದ ಒಂದು ನಾಮಫಲಕವನ್ನು ಎಡಗಣ್ಣಿನಿಂದ ನೋಡುತ್ತಾ ನಡುವಿನ ಗಾಲಿಯನ್ನು ತಿರುಗಿಸಿ ಅಕ್ಷರ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಅದೇ ಫಲಕವನ್ನು ಬಲಗಣ್ಣಿನಿಂದ ನೋಡಿ. ಈ ಸಲ ನಡುವಿನ ಗಾಲಿ ಮುಟ್ಟದೆ, ಬಲಗಣ್ಣಿನ ಬುಡದಲ್ಲಿರುವ ಬಳೆಯನ್ನು ಮಾತ್ರ ತಿರುಗಿಸಿ. ಆ ಬಳೆಯ ಕೆಲಸ ಅಲ್ಲಿಗೆ ಮುಗಿಯಿತು. ಇನ್ನು ಇಡೀ ದಿನ ನಡುವಿನ ಗಾಲಿಯೊಂದೇ ಸಾಕು.

ಹೊಸಬರು ಎಡವುವ ಇನ್ನೊಂದು ಜಾಗವಿದೆ. ಬರಿಗಣ್ಣಿಗೆ ಹಕ್ಕಿ ಕಂಡ ಕೂಡಲೇ ದುರ್ಬೀನು ಎಲ್ಲಿದೆ ಎಂದು ಎದೆಯ ಕಡೆ ನೋಡುತ್ತಾರೆ. ಮತ್ತೆ ಕತ್ತೆತ್ತುವಾಗ ಮರ ಯಾವುದು, ಕೊಂಬೆ ಯಾವುದು, ಎಲ್ಲ ಮರೆತಿರುತ್ತದೆ. ಹಕ್ಕಿಯಿಂದ ಕಣ್ಣು ತೆಗೆಯಬೇಡಿ. ನೋಟ ಅಲ್ಲೇ ನೆಟ್ಟಿರಲಿ, ಕೈ ತಾನೇ ದುರ್ಬೀನನ್ನು ಕಣ್ಣಿಗೆ ತರಲಿ. ಮನೆಯ ತಾರಸಿಯ ಮೇಲೆ ನಿಂತು ಎದುರುಮನೆಯ ನೀರಿನ ಟ್ಯಾಂಕಿನ ನಲ್ಲಿಯ ಮೇಲೆ ಇದನ್ನು ಹತ್ತು ಸಲ ಮಾಡಿ ನೋಡಿ. ಎದುರುಮನೆಯವರಿಗೆ ಮೊದಲೇ ಹೇಳಿರುವುದು ಒಳ್ಳೆಯದು.

ಇನ್ನು ಗುಂಪಿನ ವಿಷಯ. ಒಬ್ಬರೇ ಹೋದರೆ ಎರಡು ಕಣ್ಣು, ಹತ್ತು ಜನ ಹೋದರೆ ಇಪ್ಪತ್ತು. ಆದರೆ ಒಬ್ಬರು ಕಂಡದ್ದನ್ನು ಉಳಿದ ಒಂಬತ್ತು ಜನಕ್ಕೆ ತೋರಿಸುವಂತಿದ್ದರೆ ಮಾತ್ರ ಈ ಲೆಕ್ಕ ಸರಿ. "ಅಲ್ಲಿ! ಅಲ್ಲೇ! ಆ ಹಸಿರು ಎಲೆ ಪಕ್ಕ!" ಎಂದರೆ ಏನು ಪ್ರಯೋಜನ? ಲಾಲ್‌ಬಾಗಿನ 240 ಎಕರೆಯೂ ಹಸಿರು ಎಲೆಯೇ. ನಾವು ಗಡಿಯಾರದ ಲೆಕ್ಕ ಇಟ್ಟುಕೊಂಡಿದ್ದೇವೆ. ಮರದ ತಲೆ ಹನ್ನೆರಡು ಗಂಟೆ, ಬುಡ ಆರು ಗಂಟೆ. "ಕೆರೆಯ ಕಡೆಗಿರುವ ಒಣಮರ, ಎರಡು ಗಂಟೆ, ಕವಲೊಡೆದ ಕೊಂಬೆಯ ತುದಿ" ಎಂದರೆ ಮೂರು ಸೆಕೆಂಡಿನಲ್ಲಿ ಎಲ್ಲರ ದುರ್ಬೀನೂ ಅಲ್ಲಿಗೆ ತಿರುಗುತ್ತದೆ. ಮೊದಲು ಮರ, ಆಮೇಲೆ ಗಂಟೆ, ಕೊನೆಗೆ ಕೊಂಬೆ. ಇಷ್ಟೆಲ್ಲ ಮಾಡಿದ ಮೇಲೆ ಅದು ಒಣಗಿದ ಎಲೆಯೂ ಆಗಿರಬಹುದು. ಅದಕ್ಕೆ ನಮ್ಮಲ್ಲಿ "ಎಲೆಹಕ್ಕಿ" ಎಂದು ಹೆಸರು, ಹಳಬರೂ ತಿಂಗಳಿಗೊಂದಾದರೂ ನೋಡುತ್ತಾರೆ. ನಾಚಿಕೊಂಡು ಬಾಯಿ ಮುಚ್ಚಿಕೊಳ್ಳಬೇಡಿ. ಒಂಬತ್ತು ಎಲೆ ತೋರಿಸಿದವರು ಹತ್ತನೆಯ ಸಲ ಹಾಲಕ್ಕಿಯನ್ನು ತೋರಿಸುತ್ತಾರೆ.

ಹಾಲಕ್ಕಿ ಅಂದೆನಲ್ಲ, ಬುಡಬುಡಕಿಯವರು ಶಕುನ ಕೇಳಿ ಬಂದೆ ಎನ್ನುವುದು ಇದೇ ಹಕ್ಕಿಯ ಹತ್ತಿರ. ಮೈಮೇಲೆ ಬಿಳಿ ಚುಕ್ಕೆಯ ಪುಟ್ಟ ಗೂಬೆ, ಹಳೆಯ ಮರದ ಪೊಟರೆಯ ಬಾಯಲ್ಲಿ ಕೂತು ಬಿಸಿಲು ಕಾಯಿಸುತ್ತಾ ನಮ್ಮನ್ನು ದಿಟ್ಟಿಸುತ್ತದೆ. ಚಿಕ್ಕಂದಿನಿಂದ ಬುಡಬುಡಕೆಯ ಸದ್ದಿಗೆ ಹೆದರಿ ಬೆಳೆದವರು ಆ ಹಕ್ಕಿಯನ್ನು ಮೊದಲ ಬಾರಿ ಕಂಡಾಗ "ಇಷ್ಟೇನಾ?" ಎಂದು ನಗುವುದನ್ನು ನೋಡಿದ್ದೇನೆ. ಹೀಗೆ ಹೆಸರು ಗೊತ್ತಿದ್ದೂ ಹಕ್ಕಿ ಗೊತ್ತಿಲ್ಲದವರು ಬಹಳ. ಕುವೆಂಪು ಅವರನ್ನು ಓದಿದವರಿಗೆ ಕಾಜಾಣ, ಪಿಕಳಾರ ಎಲ್ಲ ಕಿವಿಗೆ ಪರಿಚಿತ; ಮನೆಯ ಮುಂದಿನ ತಂತಿಯ ಮೇಲೆ ಕವಲುಬಾಲ ಇಳಿಬಿಟ್ಟು ಕೂತ ಕರಿಹಕ್ಕಿಯೇ ಕಾಜಾಣ ಎಂದರೆ ನಂಬುವುದಿಲ್ಲ.

ಈಗ ಮುಖ್ಯವಾದ ಮಾತು. ಹಕ್ಕಿ ಕಂಡ ಕೂಡಲೇ "ಇದು ಯಾವುದು ಸಾರ್?" ಎಂದು ಕೇಳಬೇಡಿ. ಕೇಳಿದರೆ ನಾನು ಹೆಸರು ಹೇಳುತ್ತೇನೆ, ನೀವು ಬರೆದುಕೊಳ್ಳುತ್ತೀರಿ, ನೋಡುವುದು ಅಲ್ಲಿಗೆ ನಿಂತುಹೋಗುತ್ತದೆ. ಮೊದಲು ನಿಮಗೆ ಏನು ಕಂಡಿತು ಹೇಳಿ. ಗುಬ್ಬಿಗಿಂತ ದೊಡ್ಡದೋ, ಮೈನಾದಷ್ಟೋ, ಪಾರಿವಾಳದಷ್ಟೋ, ಕಾಗೆಯಷ್ಟೋ? ಈ ನಾಲ್ಕು ಹಕ್ಕಿ ನಿಮ್ಮ ಸೇರು-ಪಾವು. ಕೊಕ್ಕು ಕಾಳು ಒಡೆಯುವಂತೆ ದಪ್ಪವೋ, ಹೂವಿಗೆ ಇಳಿಸುವಂತೆ ಬಾಗಿದೆಯೋ? ಬಾಲ ಎತ್ತಿದೆಯೋ, ಕುಣಿಸುತ್ತಿದೆಯೋ? ಬಣ್ಣ ಕೊನೆಗೆ. ಬಣ್ಣ ಬೆಳಕಿನ ಜೊತೆ ಸೇರಿ ಮೋಸ ಮಾಡುತ್ತದೆ, ಆಕಾಶಕ್ಕೆ ಎದುರಾಗಿ ಕೂತ ಗಿಳಿಯೂ ಕರಿಹಕ್ಕಿಯೇ.

ಪಿಕಳಾರವನ್ನೇ ತೆಗೆದುಕೊಳ್ಳಿ. ಲಾಲ್‌ಬಾಗಿನ ಪೊದೆಗಳಲ್ಲಿ ಬೇಕಾದಷ್ಟಿವೆ. ಒಂದರ ಜುಟ್ಟು ಟೋಪಿಯಂತೆ ಚೂಪಾಗಿ ನಿಂತಿದೆ, ಕೆನ್ನೆಯ ಬಿಳಿಯ ಮೇಲೆ ಕುಂಕುಮ ಇಟ್ಟಂತೆ ಕೆಂಪು: ಅದು ಕೆಮ್ಮೀಸೆಯದು. ಇನ್ನೊಂದರ ತಲೆ ಇಡೀ ಕಪ್ಪು, ಜುಟ್ಟು ಮೊಂಡು, ಕೆನ್ನೆಯಲ್ಲಿ ಕೆಂಪಿಲ್ಲ. ಬಾಲದ ಬುಡದಲ್ಲಿ ಎರಡಕ್ಕೂ ಕೆಂಪಿದೆ, ಹಾಗಾಗಿ "ಕೆಂಪು ಕಂಡಿತು" ಎಂದರೆ ಸಾಲದು, ಎಲ್ಲಿ ಎನ್ನಬೇಕು. ಮೇಲೆ ನೋಡಿ, ಹದ್ದು ಸುತ್ತುತ್ತಿರುತ್ತದೆ. ಬಾಲದ ತುದಿ ನಡುವೆ ಕತ್ತರಿಸಿದಂತೆ ಒಳಕ್ಕೆ ಸರಿದಿದ್ದರೆ ಸಾಮಾನ್ಯ ಕರಿಹದ್ದು. ದುಂಡಗಿದ್ದು, ತಲೆ-ಎದೆ ಬಿಳಿ, ಮೈ ಇಟ್ಟಿಗೆ ಬಣ್ಣವಾದರೆ ಗರುಡ. ಗರುಡ ಎಂದು ನಾವು ಕೈಮುಗಿದದ್ದರಲ್ಲಿ ಎಷ್ಟೋ ಬರಿಯ ಹದ್ದುಗಳು!

ಕಿವಿಯೂ ಬೇಕು. ತಾಮ್ರದ ಪಾತ್ರೆ ಬಡಿದಂತೆ ಟುಕ್ ಟುಕ್ ಟುಕ್ ಎಂದು ಒಂದೇ ಸಮನೆ ಕೇಳಿಸುವುದು ಕಂಚುಗಾರ ಹಕ್ಕಿ. ಕೂಗುವಾಗ ತಲೆಯನ್ನು ಆಚೀಚೆ ತಿರುಗಿಸುವುದರಿಂದ ಸದ್ದು ಒಮ್ಮೆ ಈ ಮರದಿಂದ, ಒಮ್ಮೆ ಆ ಮರದಿಂದ ಬಂದಂತಿರುತ್ತದೆ. ಅದನ್ನು ಹುಡುಕಲು ಮರದ ತುತ್ತತುದಿಯ ಬೋಳುಕೊಂಬೆ ನೋಡಿ. ಕುಟ್ರೂ ಕುಟ್ರೂ ಎಂದು ತನ್ನ ಹೆಸರನ್ನೇ ಕೂಗುವ ಕುಟ್ರು ಹಕ್ಕಿ ಅದರ ದೊಡ್ಡಣ್ಣ, ಎಲೆಯ ನಡುವೆ ಎಲೆಯಂತೆಯೇ ಕೂತಿರುತ್ತದೆ. ದನಿ ಕೇಳಿ ಹೆಸರು ಹೇಳುವ ಆ್ಯಪುಗಳು ಫೋನಿನಲ್ಲಿ ಬಂದಿವೆ. ಬೇಡ ಅನ್ನುವುದಿಲ್ಲ, ಆದರೆ ಒಂದು ನಿಮಿಷ ನಿಮ್ಮ ಕಿವಿ ಕೊಟ್ಟ ಮೇಲೆ ಫೋನು ತೆಗೆಯಿರಿ.

ನನ್ನ ಮೊದಲ ದಿನದ್ದನ್ನೂ ಹೇಳಿಬಿಡುತ್ತೇನೆ. ಆಲದ ಮರದಲ್ಲಿ ಕಂದು ಮೈಯ, ತುಂಬ ಬಿಳಿ ಚುಕ್ಕೆಯ, ಉದ್ದ ಬಾಲದ, ಕೆಂಪು ಕಣ್ಣಿನ ಹಕ್ಕಿಯೊಂದನ್ನು ಕಂಡೆ. ಯಾರೂ ಕಾಣದ್ದನ್ನು ಕಂಡೆ ಎಂಬ ಜಂಬದಲ್ಲಿ ಗುಂಪನ್ನೆಲ್ಲ ಕೂಗಿ ಕರೆದೆ. ಹಿರಿಯರೊಬ್ಬರು ಬಂದು ನೋಡಿ, ನಗದೆ, "ಅದರ ಗಂಡನನ್ನು ನೀವು ದಿನಾ ಕೇಳ್ತೀರಿ" ಎಂದರು. ಹೆಣ್ಣು ಕೋಗಿಲೆ! ಕುಹೂ ಎನ್ನುವುದು ಗಂಡು ಮಾತ್ರ. ಅದು ಕಾಗೆಯಂತೆ ಕಪ್ಪು, ಕಣ್ಣು ಮಾತ್ರ ಕೆಂಪು. ಹೆಣ್ಣು ಹೀಗೆ ಚುಕ್ಕೆಯ ಸೀರೆಯುಟ್ಟು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡಲು ಹೊಂಚು ಹಾಕುತ್ತಿರುತ್ತದೆ. ಮೂವತ್ತು ವರ್ಷ ದನಿ ಕೇಳಿದ್ದ ನಾನು ಅದರ ಸಂಸಾರವನ್ನೇ ನೋಡಿರಲಿಲ್ಲ.

ನಡವಳಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಂದೆ ನಡೆಯುವವರನ್ನು ದಾಟಬೇಡಿ. ಮಾತು ಇರಲಿ, ದನಿ ತಗ್ಗಿರಲಿ. ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹೊರಗೆ ಕರೆಯಬಾರದು, ಗೂಡಿನ ಹತ್ತಿರ ಕ್ಯಾಮೆರಾ ಒಯ್ಯಬಾರದು. ತನ್ನ ಜಾಗಕ್ಕೆ ವೈರಿ ಬಂದ ಎಂದು ಗಂಡುಹಕ್ಕಿ ತಿನ್ನುವುದನ್ನು ಬಿಟ್ಟು ಹಾರಾಡುತ್ತದೆ. ಗೂಡಿನ ಮುಂದೆ ನಾವು ನಿಂತಷ್ಟು ಹೊತ್ತು ಮರಿಗೆ ಊಟವಿಲ್ಲ. ನಿಮ್ಮ ಫೋಟೋ ಎಷ್ಟೇ ಚೆಂದ ಬಂದರೂ ನಾನು ಹೊಗಳುವುದಿಲ್ಲ.

ಕೊನೆಗೆ ಎಣಿಕೆ. ನೋಡಿದ್ದನ್ನು ಬರೆದಿಡುವುದು ಈ ನಡಿಗೆಯ ಅರ್ಧ ಕೆಲಸ. ಶುರುಮಾಡಿದ ಸಮಯ, ನಡೆದ ದೂರ, ಕಂಡ ಹಕ್ಕಿ, ಎಷ್ಟು. ಈಗ ಇವನ್ನು ಇ-ಬರ್ಡ್ ಎಂಬ ತಾಣಕ್ಕೆ ಏರಿಸುತ್ತಾರೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿ ಎಣಿಕೆ ನಡೆಯುತ್ತದೆ, ಭಾರತದವರು 2013ರಿಂದ ಅದರಲ್ಲಿದ್ದಾರೆ. ನಮ್ಮ ಪಟ್ಟಿಯಿಂದ ಯಾರಿಗೇನು ಅನ್ನಬೇಡಿ. ಸುಮಾರು 30 ಸಾವಿರ ಹವ್ಯಾಸಿಗಳ ಇಂಥ ಪಟ್ಟಿಗಳನ್ನು ಒಟ್ಟುಮಾಡಿಯೇ 2023ರಲ್ಲಿ ದೇಶದ 942 ಬಗೆಯ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. ನಮ್ಮ ರಾಜ್ಯಪಕ್ಷಿ ನೀಲಕಂಠ ಗಣನೀಯವಾಗಿ ಕಡಿಮೆಯಾಗಿದೆ, ಅದರ ಬಗ್ಗೆ ಮತ್ತೆ ಯೋಚಿಸಬೇಕು ಎಂದು ಹೇಳಿದ್ದು ಆ ವರದಿ. ರಸ್ತೆಬದಿಯ ತಂತಿಯ ಮೇಲೆ ಕಾಣುವ ಹಕ್ಕಿ ತಾನೇ ಎಂದು ಯಾರೂ ಬರೆಯದೆ ಬಿಟ್ಟಿದ್ದರೆ ಈ ಮಾತು ಹೊರಗೆ ಬರುತ್ತಲೇ ಇರಲಿಲ್ಲ. ಆದ್ದರಿಂದ ಕಾಗೆಯನ್ನೂ ಬರೆಯಿರಿ, ಪಾರಿವಾಳವನ್ನೂ ಬರೆಯಿರಿ. ದೊಡ್ಡ ಹಿಂಡಾದರೆ ಹತ್ತು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತು ನೋಡಿ, ಅಂಥವು ಎಷ್ಟಿವೆ ಎಂದು ಗುಣಿಸಿ.

ನಡಿಗೆ ಮುಗಿದ ಮೇಲೆ ನಾವು ಕೆಲವರು ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲೆ ಕೂರುತ್ತೇವೆ. ಮುನ್ನೂರು ಕೋಟಿ ವರ್ಷದ ಬಂಡೆ ಅನ್ನುತ್ತಾರೆ. ಹೊತ್ತೇರಿದಂತೆ ಕೆಳಗಿನಿಂದ ಕಾಯುತ್ತದೆ, ಹೆಚ್ಚು ಹೊತ್ತು ಕೂರಲಾಗುವುದಿಲ್ಲ. ಯಾರೋ ತಂದ ಚಿತ್ರಾನ್ನ ಕೈಯಿಂದ ಕೈಗೆ ಹೋಗುತ್ತಿರುವಾಗ ಒಬ್ಬರು ಹಕ್ಕಿಗಳ ಹೆಸರು ಓದುತ್ತಾರೆ, ಉಳಿದವರು ಸಂಖ್ಯೆ ಹೇಳುತ್ತಾರೆ. ಹೋದ ತಿಂಗಳು ಅಮ್ಮನ ಜೊತೆ ಒಬ್ಬ ಹುಡುಗ ಬಂದಿದ್ದ, ನಾಲ್ಕನೇ ಕ್ಲಾಸು. ಬೆಳಗಿನಿಂದ ಒಂದು ಮಾತೂ ಆಡಿರಲಿಲ್ಲ. ಕೆಮ್ಮೀಸೆ ಪಿಕಳಾರ ಹದಿನಾಲ್ಕು, ಕಂಚುಗಾರ ಐದು, ಗರುಡ ಮೂರು ಎಂದು ಸಾಗಿ ಕಾಗೆಯ ಸರದಿ ಬಂದಾಗ ನಾವು ಹಳಬರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ನಲವತ್ತು," ಎಂದ ಹುಡುಗ, ನೋಟುಪುಸ್ತಕ ತೆರೆದು. ಪುಟದ ತುಂಬ ಐದೈದರ ಗೀಟುಗಳು. ಕೊನೆಯಲ್ಲಿ ಒಂಟಿಯಾಗಿ ನಿಂತಿದ್ದ ಗೀಟನ್ನು ಹೊಡೆದುಹಾಕಿತ್ತು. ಅದೇಕೆ ಎಂದು ಕೇಳಿದೆ.

"ಅದೂ ಕಪ್ಪಗೇ ಇತ್ತು ಮೇಷ್ಟ್ರೇ. ಆದ್ರೆ ಕಣ್ಣು ಕೆಂಪಗಿತ್ತು."