ರೇಸ್ ಕೊಟ್ಟಾಗ ಮಾತ್ರ ಜಗ್ಗುವ ಕಾರು

"ಪಿಕಪ್ ಇಲ್ಲ" ಎಂದಷ್ಟೇ ಹೇಳಿ ಗ್ಯಾರೇಜಿನಲ್ಲಿ ಕಾರು ಬಿಟ್ಟು ಬಂದರೆ, ಏರ್ ಫಿಲ್ಟರಿನಿಂದ ಹಿಡಿದು ಕ್ಲಚ್‌ವರೆಗೆ ಏನು ಬೇಕಾದರೂ ಬದಲಾಗಿ ಬರಬಹುದು. ನನ್ನ ಪೆಟ್ರೋಲ್ ಕಾರಿಗೆ ಒಬ್ಬರು ಕ್ಲಚ್ ಹೋಗಿದೆ ಅಂದರು, ಇನ್ನೊಬ್ಬರು ಫ್ಯೂಯೆಲ್ ಪಂಪ್ ಅಂದರು. ಉಜಿರೆ ಪೇಟೆಯಲ್ಲಿ ಅದು ಚೆನ್ನಾಗೇ ಓಡುತ್ತಿತ್ತು. ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟರೂ ತೊಂದರೆಯಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ, ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಮಾತ್ರ ಜಗ್ಗಾಟ ಶುರು.

ಬೆಳ್ತಂಗಡಿಯ ಹಳೆಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲು ಕೇಳಿದರು: "ಒತ್ತುವಾಗ ಆರ್‌ಪಿಎಂ ಮುಳ್ಳು ಎಂತ ಮಾಡ್ತದೆ ಸಾರ್?"

ಅರ್ಧ ತನಿಖೆ ಈ ಪ್ರಶ್ನೆಯಲ್ಲೇ ಮುಗಿಯುತ್ತದೆ. ಮುಳ್ಳು ಸರ್ರನೆ ಏರಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಸ್ಲಿಪ್ ಆಗುತ್ತಿದೆ. ಮುಳ್ಳೂ ಏರದೆ, ಒತ್ತಿದಷ್ಟೂ ಇಂಜಿನ್ ಸೊರಗಿದರೆ ಪೆಟ್ರೋಲ್ ಸಾಲುತ್ತಿಲ್ಲವೇನೋ ಎಂದು ಫಿಲ್ಟರ್, ಪಂಪಿನ ಒತ್ತಡ ನೋಡಬೇಕು. ನನ್ನದು ಎರಡೂ ಅಲ್ಲ, ಬಿಟ್ಟು ಬಿಟ್ಟು ಮಿಸ್ ಹೊಡೆಯುತ್ತಿತ್ತು. ಅಂದರೆ ಕಿಡಿಯ ಮೇಲೆ ಅನುಮಾನ.

ಏರಿನಲ್ಲೇ ಯಾಕೆ? ಕಾಲು ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗಿ ಒಳಗಿನ ಒತ್ತಡ ಏರುತ್ತದೆ. ಅಷ್ಟು ಒತ್ತಡದಲ್ಲಿ ಪ್ಲಗ್ಗಿನ ಸಂದು ದಾಟಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ಕೊಡುವ ಕಾಯಿಲ್ ಸೊರಗಿದ್ದರೆ ಐಡಲ್‌ನಲ್ಲಿ ಹೇಗೋ ನಿಭಾಯಿಸಿ, ಭಾರ ಬಿದ್ದಾಗ ಕೈಕೊಡುತ್ತದೆ. ನಿಂತ ಕಾರಿಗೆ ರೇಸ್ ಕೊಟ್ಟು "ಸರಿಯಿದೆ" ಎನ್ನುವವರ ಮಾತನ್ನು ನಾನೀಗ ನಂಬುವುದಿಲ್ಲ.

ಸ್ಕ್ಯಾನರ್ ಹಾಕಿದಾಗ ಪಿ0303 ಎಂಬ ಕೋಡ್ ಬಂತು. ಮೂರನೇ ಸಿಲಿಂಡರಿನಲ್ಲಿ ಮಿಸ್ ಎಂದು ಅದರರ್ಥ. ಕೋಡ್ ಜಾಗವನ್ನು ಹೇಳುತ್ತದೆಯೇ ಹೊರತು ಕಾರಣವನ್ನಲ್ಲ. ಪ್ಲಗ್, ಕಾಯಿಲ್, ಇಂಜೆಕ್ಟರ್ ಯಾವುದೂ ಆಗಿರಬಹುದು. ಮೆಕ್ಯಾನಿಕ್ ಹೊಸ ಸಾಮಾನು ತರಿಸಲಿಲ್ಲ. ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ, ಅಲ್ಲಿಯದನ್ನು ಇಲ್ಲಿಗೂ ಹಾಕಿ, ಕೋಡ್ ಅಳಿಸಿ, ಏರು ಹತ್ತಿಸಿಕೊಂಡು ಬರಲು ಹೇಳಿದರು. ಈ ಸಲ ಬಂದದ್ದು ಪಿ0301. ಮಿಸ್ ಕಾಯಿಲಿನ ಜೊತೆಗೇ ಜಾಗ ಬದಲಿಸಿತ್ತು! ಬಿಡಿಭಾಗಕ್ಕೆ ಬಿಡಿಗಾಸೂ ಕೊಡದೆ ಸಿಕ್ಕ ಇಂಥ ಪುರಾವೆ ದೊಡ್ಡ ಸರ್ವಿಸ್ ಬಿಲ್ಲುಗಳಲ್ಲೂ ನನಗೆ ಕಂಡಿಲ್ಲ.

ಕಾಯಿಲಿನ ಜೊತೆ ಪ್ಲಗ್ಗುಗಳನ್ನೂ ಬದಲಿಸಿದೆವು. ಸವೆದ ಪ್ಲಗ್ಗಿನ ಸಂದು ಅಗಲವಾದಷ್ಟೂ ಕಾಯಿಲ್ ಹೆಚ್ಚು ದುಡಿಯಬೇಕಾಗುತ್ತದೆ, ಹೊಸದೂ ಬೇಗ ಸುಸ್ತಾಗುತ್ತದೆ. ಅಂದ ಹಾಗೆ, ಇಂಜಿನ್ ದೀಪ ಸುಮ್ಮನೆ ಉರಿಯದೆ ಮಿನುಗತೊಡಗಿದರೆ ಕಾಲು ಸಡಿಲಿಸಿ, ಬೇಗ ರಿಪೇರಿ ಮಾಡಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಟ್ಟೀತು. ಅದರ ಬೆಲೆಯ ಮುಂದೆ ಕಾಯಿಲ್ ಏನೇನೂ ಅಲ್ಲ.

ಒತ್ತಿದಾಗ ಜಗ್ಗಾಟದ ಬದಲು ಇಡೀ ಕಾರೇ ನಡುಗಿ, ಕಾಲು ತೆಗೆದೊಡನೆ ಆ ನಡುಕ ನಿಂತರೆ ಆಕ್ಸಿಲ್ಲಿನ ಒಳಗಿನ ಜಾಯಿಂಟ್ ನೋಡಿಸಿ. ಟರ್ಬೊ ಡೀಸೆಲ್ ಕಾರು ಒತ್ತಿದಾಗ ಸುಯ್ಯೆಂದು, ಕಪ್ಪು ಹೊಗೆ ಬಿಟ್ಟು, ಎಳೆತ ಕಳೆದುಕೊಂಡರೆ ಇಂಟರ್‌ಕೂಲರ್ ಪೈಪು ಸೀಳಿರಬಹುದು. ಐಡಲ್‌ನಲ್ಲಿ ಟರ್ಬೊ ಒತ್ತಡವಿಲ್ಲದ ಕಾರಣ ಆ ಸೀಳು ಬಾಯಿ ಬಿಡುವುದಿಲ್ಲ. ಪೈಪು ಬಿಚ್ಚಿ, ಕೈಯಲ್ಲಿ ಬಗ್ಗಿಸಿಯೇ ನೋಡಬೇಕು.