ಕೇಳಿದ್ದೇನು, ಹೇಳಿದ್ದೇನು

ಟಿವಿಯ ರಾಜಕೀಯ ಚರ್ಚೆ ಎಂದರೆ ಮನ್ನಳ್ಳಿಯ ನಮ್ಮ ಮನೆಯಲ್ಲಿ ಎಲ್ಲರಿಗೂ ಹುರುಪು. ಬೀದರ್ ಜಿಲ್ಲೆಗೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ಹೀಗಾಗಿ ಕನ್ನಡ, ಮರಾಠಿ, ತೆಲುಗು, ಹಿಂದಿ ನಾಲ್ಕೂ ಭಾಷೆಯ ವಾದ ನಮಗೆ ತಕ್ಕಮಟ್ಟಿಗೆ ತಿಳಿಯುತ್ತದೆ. ಒಂದು ಚಾನೆಲ್‌ನಲ್ಲಿ ಜಾಹೀರಾತು ಬಂದರೆ ಇನ್ನೊಂದು ರಾಜ್ಯಕ್ಕೆ ಹೋಗಿಬಿಡುತ್ತೇವೆ.

ನೋಡುವುದನ್ನು ಕಲಿಸಿದವರು ನಮ್ಮ ಮುತ್ಯಾ. ಪರದೆಯ ಮೇಲೆ ಆರೇಳು ಮುಖ, ಎಲ್ಲರೂ ಒಮ್ಮೆಲೇ ಕೂಗುತ್ತಿರುವಾಗ ಅವರು ರಿಮೋಟ್ ಎತ್ತಿ ದನಿ ಬಂದ್ ಮಾಡುತ್ತಾರೆ. ಹುಡುಗರ ಕಡೆ ತಿರುಗಿ, "ಅಂವ ಏನ್ ಕೇಳಿದ್ದ? ಇಂವ ಏನ್ ಹೇಳ್ಲತಾನ?" ಎನ್ನುತ್ತಾರೆ. ಹುಡುಗರು ಪ್ರಶ್ನೆಯನ್ನು ನೆನಪು ಮಾಡಿಕೊಂಡು ಹೇಳಬೇಕು. ಉತ್ತರ ಬಂದಿಲ್ಲವೆಂದರೆ "ತಪ್ಪಿಸ್ಕೊಂಡ!" ಎಂದು ಒಟ್ಟಾಗಿ ಕೂಗು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವ ಅವ್ವನೂ ದನಿಗೂಡಿಸುತ್ತಾಳೆ. ಯಾವ ಪಕ್ಷದವರಾದರೂ ನಮ್ಮಲ್ಲಿ ರಿಯಾಯಿತಿ ಇಲ್ಲ.

ಹೀಗೆ ನೋಡುತ್ತ ತಪ್ಪಿಸಿಕೊಳ್ಳುವ ದಾರಿಗಳು ಬಾಯಿಪಾಠವಾದವು. "ನೀವು ಅಧಿಕಾರದಲ್ಲಿದ್ದಾಗ ಏನು ಮಾಡಿದ್ರಿ?" ಎಂಬ ಮರುಪ್ರಶ್ನೆ ನಾಲ್ಕೂ ಭಾಷೆಯಲ್ಲಿ ಇದೆ. ಇನ್ನೊಂದು, ಕೊನೆಯ ಕಿಟಕಿಯಲ್ಲಿ ಸುಮ್ಮನೆ ಕೂತವರನ್ನು ಗಮನಿಸಬೇಕು. ಅಲ್ಲಿರುವವರು ಬಹಳ ಸಲ ರೈತ ಮುಖಂಡರೋ ನಿವೃತ್ತ ಅಧಿಕಾರಿಯೋ ಆಗಿರುತ್ತಾರೆ. ವಿಷಯ ಗೊತ್ತಿರುವುದು ಅವರಿಗೇ, ಆದರೆ ಅವರ ಸರದಿ ಬರುವಷ್ಟರಲ್ಲಿ ಬ್ರೇಕ್.

2024ರ ನವೆಂಬರ್ ನನಗೆ ದೊಡ್ಡ ಪಾಠ ಕಲಿಸಿತು. ಕನ್ನಡ ಚಾನೆಲ್‌ಗಳಲ್ಲಿ ಚನ್ನಪಟ್ಟಣದ ಉಪಚುನಾವಣೆಯ ಕಾವು. ನಿಖಿಲ್ ಗೆಲ್ಲುತ್ತಾರೋ ಯೋಗೇಶ್ವರ್ ಗೆಲ್ಲುತ್ತಾರೋ ಎಂದು ದಿನವೂ ಲೆಕ್ಕಾಚಾರ. ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ವಿಧಾನಸಭಾ ಚುನಾವಣೆ. ಮರಾಠಿ ಚಾನೆಲ್ ಹಾಕಿದರೆ ಅಲ್ಲಿ ಸೋಯಾ ಬೆಲೆಯ ಮಾತು! ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 4,892 ರೂಪಾಯಿ, ಪೇಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಒಂದು ಕಡೆಯವರು 6,000 ಕೊಡುತ್ತೇವೆ ಎಂದರೆ ಇನ್ನೊಂದು ಕಡೆಯವರು 7,000 ಎನ್ನುತ್ತಿದ್ದರು. ಔರಾದ್, ಭಾಲ್ಕಿ ಕಡೆಯ ಹೊಲಗಳಲ್ಲೂ ಬೆಳೆಯುವುದು ಅದೇ ಸೋಯಾ. ನಮ್ಮ ಹೊಲದ ಮಾತು ಕೇಳಲು ನಾವು ಪಕ್ಕದ ರಾಜ್ಯದ ಚಾನೆಲ್ ಹಾಕಬೇಕಾಯಿತು. ಅಂದು ಮುತ್ಯಾ ದನಿ ಬಂದ್ ಮಾಡಲಿಲ್ಲ, ಹೆಚ್ಚಿಸಿದರು.

ಗದ್ದಲ ಟಿವಿಯ ಹುಟ್ಟುಗುಣವೇನಲ್ಲ. ಅದೇ ವರ್ಷ ಜೂನ್ 27ರಂದು ಅಮೆರಿಕದಲ್ಲಿ ಬೈಡನ್, ಟ್ರಂಪ್ ಟಿವಿ ಚರ್ಚೆಯಲ್ಲಿ ಎದುರುಬದುರಾದಾಗ ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕ್ ಬಂದ್ ಇರುತ್ತಿತ್ತು. ಹೇಳಿದ್ದು ನಿಜವೋ ಸುಳ್ಳೋ ಆಮೇಲಿನ ಮಾತು, ಕಿವಿಗೆ ಬೀಳುವುದಂತೂ ಬಿದ್ದಿತು. ಮುತ್ಯಾಗೆ ಈ ಸುದ್ದಿ ಹೇಳಿದೆ. "ನಮ್ಮ ರಿಮೋಟ್ ಕೆಲಸ ಅವರೇ ಮಾಡ್ಯಾರ" ಎಂದು ಭಾಳ ಖುಷಿಪಟ್ಟರು.

ನನಗೊಂದು ಆಸೆ ಇದೆ. ಯಾವುದಾದರೂ ಕನ್ನಡ ಚಾನೆಲ್ ಸುಗ್ಗಿಯ ಕಾಲಕ್ಕೆ ಭಾಲ್ಕಿಯ ಎಪಿಎಂಸಿ ಅಂಗಳಕ್ಕೆ ಬಂದು ಒಂದು ಚರ್ಚೆ ನಡೆಸಲಿ. ಅಡತಿಯವರು, ಅಧಿಕಾರಿಗಳು, ಶಾಸಕರು ಎಲ್ಲರೂ ಇರಲಿ, ಆದರೆ ಮೊದಲ ಮೈಕ್ ರೈತರ ಕೈಗೆ. ತೇವಾಂಶ ಶೇ 12ಕ್ಕಿಂತ ಹೆಚ್ಚಿದ್ದರೆ ಖರೀದಿ ಕೇಂದ್ರದಲ್ಲಿ ಸಾಮಾನ್ಯವಾಗಿ ಸೋಯಾ ತೆಗೆದುಕೊಳ್ಳುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಹೊಡೆದರೆ ಆ ಮಾಲನ್ನು ಎಲ್ಲಿ ಒಣಗಿಸಬೇಕು, ಒಣಗುವವರೆಗೆ ಸಾಲದ ಬಡ್ಡಿ ಯಾರು ಕಟ್ಟಬೇಕು? ಇದನ್ನು ಕೇಳಿ, ಉತ್ತರ ಬರುವವರೆಗೆ ಬ್ರೇಕ್ ಕೊಡದಿರಲಿ.