ವಿಮಾನದ ಮರದ ಪ್ರೊಪೆಲ್ಲರ್

ಪಶ್ಚಿಮಘಟ್ಟದ ತಪ್ಪಲಿನಿಂದ ಅರಬ್ಬಿ ಕಡಲಿನವರೆಗೆ ಹಬ್ಬಿರುವ ಉಡುಪಿಯ ಸೀಮೆಯಲ್ಲಿ ಮರವನ್ನೂ ಕಲ್ಲನ್ನೂ ಕಡೆದು ರೂಪ ಕೊಡುವ ಕಲೆ ಬಹು ಹಿಂದಿನಿಂದಲೂ ಬೆಳೆದುಬಂದಿದೆ. ಉಡುಪಿಯ ರಥಬೀದಿಯಲ್ಲಿ ಸಾಗುವ ಎತ್ತರದ ತೇರುಗಳು ಬಡಗಿಯ ಕೈಚಳಕಕ್ಕೆ ಸಾಕ್ಷಿಯಾಗಿವೆ. ಕಾಪುವಿನ ಕಡಲತೀರದಲ್ಲಿ, 1901ರಲ್ಲಿ ಕಟ್ಟಿದ ದೀಪಸ್ತಂಭದ ಕಣ್ಣೆದುರಿನಲ್ಲಿಯೇ, ಮೊಗವೀರರು ಮರದ ದೋಣಿಯನ್ನು ಮರದ ಹುಟ್ಟಿನಿಂದ ನಡೆಸುತ್ತ ಬಾಳಿದವರು. ಕಾರ್ಕಳದ ಬಂಡೆಯ ಮೇಲೆ 1432ರಿಂದ ನಿಂತಿರುವ ಗೊಮ್ಮಟನ ಏಕಶಿಲಾ ಮೂರ್ತಿ ಸುಮಾರು 42 ಅಡಿ ಎತ್ತರವಾಗಿದೆ. ನೆಲದ ಮೇಲೆ ತೇರನ್ನು ನಡೆಸಿದ ಮರ, ನೀರಿನ ಮೇಲೆ ದೋಣಿಯನ್ನು ತೇಲಿಸಿದ ಮರ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮನುಷ್ಯನನ್ನು ಆಕಾಶಕ್ಕೂ ಒಯ್ದಿತು. ಮೊದಲ ವಿಮಾನಗಳನ್ನು ಗಾಳಿಯಲ್ಲಿ ಮುಂದೊತ್ತಿದ ಪ್ರೊಪೆಲ್ಲರುಗಳು ಬಡಗಿಗಳು ಕೈಯಿಂದ ಕೆತ್ತಿದ ಮರದ ತುಂಡುಗಳೇ ಆಗಿದ್ದವು.

ಪ್ರೊಪೆಲ್ಲರಿನ ಕೆಲಸವನ್ನು ತಿಳಿಯಲು ದೋಣಿಯ ಹುಟ್ಟನ್ನೇ ನೆನೆಯಬಹುದು. ಅಂಬಿಗನು ಹುಟ್ಟಿನಿಂದ ನೀರನ್ನು ಹಿಂದಕ್ಕೆ ತಳ್ಳಿದರೆ ದೋಣಿ ಮುಂದಕ್ಕೆ ಹೋಗುತ್ತದೆ. ಪ್ರತಿಯೊಂದು ಕ್ರಿಯೆಗೂ ಅದಕ್ಕೆ ಸಮನಾದ, ಅದರ ಎದುರು ದಿಕ್ಕಿನ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ನಿಯಮವೇ ಇದಕ್ಕೆ ಆಧಾರ. ಪ್ರೊಪೆಲ್ಲರ್ ಕೂಡ ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ವಿಮಾನ ಮುಂದಕ್ಕೆ ಸಾಗುತ್ತದೆ. ಆದರೆ ಹುಟ್ಟು ಒಮ್ಮೆ ಎಳೆದು ಒಮ್ಮೆ ಬಿಡುತ್ತದೆ. ಪ್ರೊಪೆಲ್ಲರ್ ಎಡೆಬಿಡದೆ ಸುತ್ತುತ್ತದೆ. ಹೀಗೆ ಸುತ್ತುತ್ತ ಮುಂದೆ ಸಾಗುವ ಬಗೆಯಲ್ಲಿ ಅದು ಮರದೊಳಗೆ ಇಳಿಯುವ ತಿರುಪುಮೊಳೆಯನ್ನು ಹೋಲುತ್ತದೆ.

ಪ್ರೊಪೆಲ್ಲರಿನ ಅಲಗು ಚಪ್ಪಟೆಯಾದ ಹಲಗೆಯಲ್ಲ; ಅದು ಬುಡದಿಂದ ತುದಿಯವರೆಗೆ ಸ್ವಲ್ಪಸ್ವಲ್ಪವಾಗಿ ತಿರುಚಿಕೊಂಡಿರುತ್ತದೆ. ಇದಕ್ಕೆ ಕಾರಣವನ್ನು ಸರಳವಾದ ಲೆಕ್ಕದಿಂದಲೇ ತಿಳಿಯಬಹುದು. ತುದಿಯಿಂದ ತುದಿಗೆ 1.8 ಮೀಟರ್ ಉದ್ದದ ಪ್ರೊಪೆಲ್ಲರೊಂದು ಒಂದು ಸುತ್ತಿಗೆ 1.2 ಮೀಟರ್ ಮುಂದೆ ಸಾಗಬೇಕೆಂದು ಭಾವಿಸೋಣ. ಅಲಗಿನ ತುದಿ ಒಂದು ಸುತ್ತಿನಲ್ಲಿ ಸುಮಾರು 5.65 ಮೀಟರ್ ಪರಿಧಿಯನ್ನು ಸುತ್ತಿಬರುತ್ತದೆ. ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿರುವ ಭಾಗ ಸುತ್ತುವುದು ಸುಮಾರು 1.9 ಮೀಟರ್ ಮಾತ್ರ. ಇವೆರಡೂ ಅದೇ ಹೊತ್ತಿನಲ್ಲಿ ಅಷ್ಟೇ ದೂರ ಮುಂದೆ ಸಾಗಬೇಕಾದುದರಿಂದ ಬುಡದ ಭಾಗ ಹೆಚ್ಚು ಓರೆಯಾಗಿಯೂ ತುದಿಯ ಭಾಗ ಕಡಿಮೆ ಓರೆಯಾಗಿಯೂ ಇರಬೇಕಾಗುತ್ತದೆ. ಈ ಲೆಕ್ಕದಂತೆ ಆ ಒಳಭಾಗದಲ್ಲಿ ಓರೆ ಸುಮಾರು 32 ಡಿಗ್ರಿಯಾದರೆ ತುದಿಯಲ್ಲಿ ಸುಮಾರು 12 ಡಿಗ್ರಿ. ಇವುಗಳ ನಡುವೆ ಎಲ್ಲಿಯೂ ಹಠಾತ್ತನೆ ಬದಲಾಗದೆ, ನುಣುಪಾಗಿ ಇಳಿಯುತ್ತ ಹೋಗುವ ತಿರುವನ್ನು ಮರದಲ್ಲಿ ಮೂಡಿಸುವುದೇ ಈ ಕಲೆಯ ಕಠಿಣವಾದ ಭಾಗ.

ಈ ರಹಸ್ಯವನ್ನು ಮೊದಲು ಸರಿಯಾಗಿ ಅರಿತವರು ಅಮೆರಿಕದ ರೈಟ್ ಸೋದರರು. ಡೇಟನ್ ಎಂಬ ಊರಿನಲ್ಲಿ ಬೈಸಿಕಲ್ ಅಂಗಡಿ ಇಟ್ಟುಕೊಂಡಿದ್ದ ವಿಲ್ಬರ್ ಮತ್ತು ಆರ್ವಿಲ್ ಹಡಗಿನ ಪ್ರೊಪೆಲ್ಲರಿನ ಶಾಸ್ತ್ರ ತಮಗೆ ನೆರವಾಗಬಹುದೆಂದು ನಂಬಿದ್ದರು. ಆದರೆ ತಮಗೆ ಬೇಕಾದ ಲೆಕ್ಕ ಅದರಲ್ಲಿ ದೊರೆಯಲಿಲ್ಲ. ಪರಸ್ಪರ ವಾದಿಸಿ, ಚಿಂತಿಸಿ, ಕೊನೆಗೆ ಪ್ರೊಪೆಲ್ಲರ್ ಎಂದರೆ ಸುತ್ತುತ್ತ ಸಾಗುವ ಒಂದು ರೆಕ್ಕೆಯೇ ಎಂಬ ನಿರ್ಣಯಕ್ಕೆ ಬಂದರು. ರೆಕ್ಕೆಗಳ ಬಗೆಗೆ 1901ರಲ್ಲಿ ತಾವೇ ಕಟ್ಟಿದ ಗಾಳಿಸುರಂಗದಲ್ಲಿ ನಡೆಸಿದ ಪ್ರಯೋಗಗಳ ಅಂಕಿಗಳು ಅವರ ಬಳಿ ಇದ್ದವು. ಆ ಅಂಕಿಗಳನ್ನು ಆಧರಿಸಿ, ಮೂರು ಪದರ ಸ್ಪ್ರೂಸ್ ಮರವನ್ನು ಅಂಟಿಸಿ, ಕೈಗೊಡಲಿಯಿಂದಲೂ ಎರಡು ಹಿಡಿಗಳ ಎಳೆಗತ್ತಿಯಿಂದಲೂ ಕೆತ್ತಿ, ಎಂಟೂವರೆ ಅಡಿ ಉದ್ದದ ಎರಡು ಪ್ರೊಪೆಲ್ಲರುಗಳನ್ನು ಸಿದ್ಧಪಡಿಸಿದರು. ಮರ ಸೀಳದಿರಲೆಂದು ತುದಿಗಳಿಗೆ ತೆಳುವಾದ ಬಟ್ಟೆಯನ್ನು ಅಂಟಿಸಿದರು. 1903ರ ಡಿಸೆಂಬರ್ 17ರಂದು ಅವರ ವಿಮಾನ ಮೊದಲ ಸಲ 12 ಸೆಕೆಂಡುಗಳ ಕಾಲ 120 ಅಡಿ ಹಾರಿತು. ಅದರ ಎಂಜಿನ್ನಿನ ಶಕ್ತಿ ಸುಮಾರು 12 ಅಶ್ವಶಕ್ತಿ ಮಾತ್ರ. ಅಷ್ಟು ಅಲ್ಪವಾದ ಶಕ್ತಿಯಿಂದ ಹಾರಾಟ ಸಾಧ್ಯವಾದುದಕ್ಕೆ ಆ ಪ್ರೊಪೆಲ್ಲರುಗಳ ಉತ್ತಮ ರಚನೆಯೂ ಒಂದು ಮುಖ್ಯ ಕಾರಣ.

ಒಳ್ಳೆಯ ಪ್ರೊಪೆಲ್ಲರಿನ ಕೆಲಸ ಮರದ ಆಯ್ಕೆಯಿಂದಲೇ ಪ್ರಾರಂಭವಾಗುತ್ತದೆ. ಸ್ಪ್ರೂಸ್, ವಾಲ್‌ನಟ್, ಮಹಾಗನಿ, ಬರ್ಚ್ ಮೊದಲಾದ ಮರಗಳು ಇದಕ್ಕೆ ಬಳಕೆಯಾಗಿವೆ. ಮರ ಯಾವುದೇ ಇರಲಿ, ಅದರ ಎಳೆ ನೇರವಾಗಿರಬೇಕು. ಗಂಟು, ಸೀಳು, ಹುಳುಕುಗಳು ಇರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ ಅದು ಹದವಾಗಿ ಒಣಗಿರಬೇಕು. ಮರದ ಗುಣವನ್ನು ಕರಾವಳಿಯ ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುವ ಬಾಗಿಲು ಆಟಿಯ ಮಳೆಯಲ್ಲಿ ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುವುದನ್ನು ಅವರು ಮನೆಮನೆಯಲ್ಲಿಯೂ ಕಂಡಿರುತ್ತಾರೆ. ಮರ ತೇವವನ್ನು ಹೀರಿ ಹಿಗ್ಗುತ್ತದೆ, ತೇವವನ್ನು ಬಿಟ್ಟು ಕುಗ್ಗುತ್ತದೆ. ಬಾಗಿಲು ಉಬ್ಬಿದರೆ ಅದನ್ನು ಕೀಸುಳಿಯಿಂದ ಕೆರೆಯಬಹುದು. ಆಕಾಶದಲ್ಲಿ ಸುತ್ತುತ್ತಿರುವ ಪ್ರೊಪೆಲ್ಲರ್ ಡೊಂಕಾದರೆ ಸರಿಪಡಿಸುವವರಾರು?

ಈ ಅಪಾಯವನ್ನು ತಡೆಯಲೆಂದೇ ಪ್ರೊಪೆಲ್ಲರನ್ನು ಒಂದೇ ದಪ್ಪ ತೊಲೆಯಿಂದ ಕೆತ್ತುವ ಬದಲು ಹಲವು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡುವ ಪದ್ಧತಿ ಬೆಳೆಯಿತು. ಒಂದು ಹಲಗೆ ಒಂದು ಕಡೆಗೆ ಬಾಗಲು ಹವಣಿಸಿದರೆ ಅದಕ್ಕೆ ಅಂಟಿಕೊಂಡ ಇನ್ನೊಂದು ಹಲಗೆ ಅದನ್ನು ತಡೆಹಿಡಿಯುತ್ತದೆ. ಒಂದರಲ್ಲಿ ಕಣ್ಣಿಗೆ ಕಾಣದ ದೋಷವಿದ್ದರೂ ಅದು ಇಡೀ ಅಲಗನ್ನು ವ್ಯಾಪಿಸುವುದಿಲ್ಲ. ಹಲಗೆಗಳನ್ನು ನುಣ್ಣಗೆ ಕೀಸಿ, ಒಂದೇ ಸಮನಾಗಿ ಒಣಗಿವೆಯೆ ಎಂದು ನೋಡಿ, ಬೀಸಣಿಗೆಯ ಕಡ್ಡಿಗಳಂತೆ ಸ್ವಲ್ಪಸ್ವಲ್ಪವೇ ಸರಿಸಿ ಜೋಡಿಸುತ್ತಾರೆ. ಹೀಗೆ ಜೋಡಿಸಿದಾಗ ಅಲಗಿನ ತಿರುವು ಮೆಟ್ಟಿಲುಮೆಟ್ಟಿಲಾಗಿ ಮೊದಲೇ ಮೂಡುತ್ತದೆ. ಹಿಂದೆ ಪ್ರಾಣಿಗಳ ಚರ್ಮದಿಂದ ತಯಾರಿಸಿದ ಅಂಟನ್ನೂ ಹಾಲಿನಿಂದ ತೆಗೆದ ಕೇಸೀನ್ ಅಂಟನ್ನೂ ಬಳಸುತ್ತಿದ್ದರು. ಮುಂದೆ ನೀರಿಗೆ ಜಗ್ಗದ ರಾಸಾಯನಿಕ ಅಂಟುಗಳು ಬಂದವು. ಅಂಟು ಹಚ್ಚಿದ ದಿಮ್ಮಿಯನ್ನು ಬಿಗಿಯಾಗಿ ಅಮುಕಿ, ಅದು ಪೂರ್ಣವಾಗಿ ಗಟ್ಟಿಯಾಗುವ ತನಕ ಮುಟ್ಟದೆ ಇಡುತ್ತಾರೆ. ಈ ಕೆಲಸದಲ್ಲಿ ಕಾಯುವುದೂ ಒಂದು ವಿದ್ಯೆ.

ಅನಂತರ ಕೆತ್ತನೆಯ ಕೆಲಸ. ದಿಮ್ಮಿಯ ನಡುವೆ ನಾಭಿಯ ರಂಧ್ರವನ್ನು ಕೊರೆದು, ಅಲ್ಲಿಂದ ಎರಡೂ ಕಡೆಗೆ ನಿಯತವಾದ ದೂರಗಳಲ್ಲಿ ಗೆರೆಗಳನ್ನು ಎಳೆಯುತ್ತಾರೆ. ಪ್ರತಿಯೊಂದು ಗೆರೆಗೂ ಅಲ್ಲಿನ ಓರೆ ಮತ್ತು ಉಬ್ಬನ್ನು ತೋರಿಸುವ ಒಂದೊಂದು ಮಾದರಿ ಫಲಕವಿರುತ್ತದೆ. ಮೊದಲು ಹೆಚ್ಚಿನ ಮರವನ್ನು ಒರಟಾಗಿ ತೆಗೆದು, ಮರ ತನ್ನ ಬಿಗಿತವನ್ನು ಬಿಟ್ಟು ನೆಲೆಗೊಳ್ಳಲೆಂದು ಕೆಲವು ದಿನ ಇಡುತ್ತಾರೆ. ಬಳಿಕ ಉಳಿ, ಕೀಸುಳಿ, ಅರ, ಮರಳುಕಾಗದಗಳಿಂದ ನಿಧಾನವಾಗಿ ಕೆತ್ತುತ್ತ, ಆಗಾಗ ಫಲಕವನ್ನು ಒತ್ತಿಟ್ಟು ನೋಡುತ್ತಾರೆ. ಕೆತ್ತಿದಂತೆಲ್ಲ ಪದರಗಳ ನಡುವಿನ ಅಂಟಿನ ಗೆರೆಗಳು ಅಲಗಿನ ಮೇಲೆ ಬಾಗುಬಾಗಾಗಿ ಕಾಣತೊಡಗುತ್ತವೆ. ಭೂಪಟದಲ್ಲಿ ಬೆಟ್ಟದ ಏರಿಳಿತವನ್ನು ತೋರಿಸುವ ಸಮೋನ್ನತಿ ರೇಖೆಗಳಂತೆ ಇವು ಅಲಗಿನ ಏರಿಳಿತವನ್ನು ತೋರಿಸುತ್ತವೆ. ಗೆರೆ ಎಲ್ಲಿಯಾದರೂ ಸೊಟ್ಟಾದರೆ ಅಲ್ಲಿ ಕೈ ತಪ್ಪಿದೆಯೆಂದೇ ಅರ್ಥ. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿಗಳಂತೆ ಪ್ರೊಪೆಲ್ಲರ್ ಕೆತ್ತುವವನಿಗೂ ತೆಗೆದುದನ್ನು ಮತ್ತೆ ಸೇರಿಸುವ ಅವಕಾಶವಿಲ್ಲ. ಆದುದರಿಂದ ಒಂದು ಸಲ ಕೆತ್ತುವ ಮುನ್ನ ಹತ್ತು ಸಲ ಅಳೆಯುತ್ತಾನೆ.

ಆಕಾರ ಪೂರ್ಣವಾದ ಮೇಲೆ ತೂಕದ ಪರೀಕ್ಷೆ ನಡೆಯುತ್ತದೆ. ನಾಭಿಯಲ್ಲಿ ದಂಡವನ್ನು ತೂರಿಸಿ, ಎರಡು ಹರಿತವಾದ ಅಂಚುಗಳ ಮೇಲೆ, ಗಾಳಿ ಬೀಸದ ಕೋಣೆಯಲ್ಲಿ ಪ್ರೊಪೆಲ್ಲರನ್ನು ಇಡುತ್ತಾರೆ. ಅದು ಯಾವ ಭಂಗಿಯಲ್ಲಿ ಇಟ್ಟರೂ ಹಾಗೆಯೇ ನಿಲ್ಲಬೇಕು. ಒಂದು ಅಲಗು ಕೆಳಕ್ಕೆ ಇಳಿದರೆ ಅದು ಭಾರವಾಗಿದೆಯೆಂದು ತಿಳಿಯುತ್ತದೆ. ಇಷ್ಟು ಸೂಕ್ಷ್ಮತೆ ಏಕೆ ಬೇಕೆಂದರೆ, ಮೇಲೆ ಹೇಳಿದ ಪ್ರೊಪೆಲ್ಲರ್ ನಿಮಿಷಕ್ಕೆ 2400 ಸುತ್ತು ತಿರುಗಿದಾಗ ಅದರ ತುದಿಯಲ್ಲಿ ಹೆಚ್ಚಾಗಿ ಉಳಿದ ಕೇವಲ ಒಂದು ಗ್ರಾಂ ತೂಕ ಸುಮಾರು 5.8 ಕಿಲೋಗ್ರಾಂ ಭಾರದಷ್ಟು ಬಲದಿಂದ ಹೊರಕ್ಕೆ ಸೆಳೆಯುತ್ತದೆ. ಆ ಸೆಳೆತ ಸೆಕೆಂಡಿಗೆ 40 ಸಲ ದಿಕ್ಕನ್ನು ಬದಲಾಯಿಸುತ್ತ ಎಂಜಿನ್ನನ್ನೂ ವಿಮಾನವನ್ನೂ ಅಲುಗಿಸುತ್ತದೆ. ಹಗುರವಾದ ಅಲಗಿಗೆ ಇನ್ನೊಂದು ಲೇಪ ವಾರ್ನಿಷ್ ಬಳಿದು ತೂಕವನ್ನು ಸರಿದೂಗಿಸುವುದುಂಟು. ಕಲ್ಲುಹರಳು, ಮಳೆಹನಿಗಳ ಪೆಟ್ಟು ತಗಲದಿರಲೆಂದು ಅಲಗಿನ ಅಂಚಿಗೆ ಹಿತ್ತಾಳೆಯಂತಹ ಲೋಹದ ತೆಳುತಗಡನ್ನು ಹೊದಿಸುತ್ತಾರೆ. ಒಳಸೇರಿದ ನೀರು ಹೊರಬೀಳಲು ಆ ತಗಡಿನ ತುದಿಯಲ್ಲಿ ಸೂಜಿಗಾತ್ರದ ರಂಧ್ರಗಳನ್ನು ಬಿಡುತ್ತಾರೆ. ಇಷ್ಟು ಚಿಕ್ಕ ರಂಧ್ರವನ್ನು ಮರೆತರೂ ತೇವ ಒಂದೇ ತುದಿಯಲ್ಲಿ ನಿಂತು ಸಮತೂಕ ಕೆಡಬಹುದು.

ಒಂದು ಅಲಗಿನ ಬಿರುಕು ಎಂತಹ ಅನಾಹುತಕ್ಕೆ ಕಾರಣವಾಗಬಹುದೆಂಬುದನ್ನು ಲೋಕ 1908ರಲ್ಲಿಯೇ ಕಂಡಿತು. ಆ ವರ್ಷದ ಸೆಪ್ಟೆಂಬರ್ 17ರಂದು ಅಮೆರಿಕದ ಫೋರ್ಟ್ ಮೈಯರ್ ಎಂಬಲ್ಲಿ ಆರ್ವಿಲ್ ರೈಟ್ ಸೈನ್ಯಾಧಿಕಾರಿ ಥಾಮಸ್ ಸೆಲ್ಫ್‌ರಿಜ್‌ನನ್ನು ಕೂರಿಸಿಕೊಂಡು ಹಾರುತ್ತಿದ್ದನು. ಹಾರಾಟದ ನಡುವೆ ಒಂದು ಪ್ರೊಪೆಲ್ಲರಿನ ಅಲಗು ಉದ್ದಕ್ಕೆ ಬಿರುಕುಬಿಟ್ಟಿತು. ಎರಡು ಅಲಗುಗಳ ಎಳೆತದಲ್ಲಿ ಸಮತೆ ತಪ್ಪಿ ಪ್ರೊಪೆಲ್ಲರ್ ಅದುರಿತು. ಅದು ವಿಮಾನದ ಬಾಲವನ್ನು ಬಿಗಿದ ತಂತಿಗೆ ತಗುಲಿತು. ವಿಮಾನ ಹತೋಟಿ ತಪ್ಪಿ ನೆಲಕ್ಕೆ ಅಪ್ಪಳಿಸಿತು. ಸೆಲ್ಫ್‌ರಿಜ್ ಅಂದೇ ಅಸುನೀಗಿದನು. ಎಂಜಿನ್ನುಳ್ಳ ವಿಮಾನದ ಅಪಘಾತದಲ್ಲಿ ಮಡಿದವರಲ್ಲಿ ಅವನೇ ಮೊದಲಿಗ. ಆರ್ವಿಲ್ ತೀವ್ರವಾಗಿ ಗಾಯಗೊಂಡನು. ಆದರೂ ಅವನು ಧೈರ್ಯಗೆಡಲಿಲ್ಲ. ಸೋದರರು ಅಪಘಾತದ ಕಾರಣವನ್ನು ಹುಡುಕಿ, ದೋಷವನ್ನು ತಿದ್ದಿದರು. ಮರುವರ್ಷ ಅದೇ ಸ್ಥಳದಲ್ಲಿ ಆರ್ವಿಲ್ ಮತ್ತೆ ಹಾರಿ ಸೈನ್ಯದ ಪರೀಕ್ಷೆಯಲ್ಲಿ ಜಯಶಾಲಿಯಾದನು.

1909ರ ಜುಲೈ 25ರಂದು ಫ್ರಾನ್ಸಿನ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದಾಗ ಅವನನ್ನು ಒಯ್ದುದು ಲೂಸಿಯೆನ್ ಶೋವಿಯೇರ್ ಎಂಬ ಕುಶಲಿ ನಿರ್ಮಿಸಿದ, ಪದರಪದರವಾಗಿ ಅಂಟಿಸಿದ ಮರದ ಪ್ರೊಪೆಲ್ಲರ್. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಪೀಠೋಪಕರಣಗಳನ್ನು ಮಾಡುತ್ತಿದ್ದ ಅನೇಕ ಬಡಗಿಗಳು ಈ ಕೆಲಸಕ್ಕೆ ತೊಡಗಿದರು. ಎಂಜಿನ್ನುಗಳ ಶಕ್ತಿ ಹೆಚ್ಚಿದಂತೆ ಲೋಹದ ಪ್ರೊಪೆಲ್ಲರುಗಳು ಬಳಕೆಗೆ ಬಂದವು. ಹಾರುತ್ತಿರುವಾಗಲೇ ಅಲಗಿನ ಓರೆಯನ್ನು ಬದಲಾಯಿಸುವ ಏರ್ಪಾಡೂ ಉಂಟಾಯಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಹೊತ್ತು ಮಂಗಳೂರಿನ ಬಜಪೆಯಲ್ಲಿ ಇಳಿದ ಡಕೋಟಾ ವಿಮಾನದ ಪ್ರೊಪೆಲ್ಲರುಗಳು ಇಂತಹ ಲೋಹದವೇ. ಮುಂದೆ ದೊಡ್ಡ ವಿಮಾನಗಳಿಗೆ ಜೆಟ್ ಎಂಜಿನ್ನುಗಳು ಬಂದವು.

ಆದರೂ ಮರದ ಪ್ರೊಪೆಲ್ಲರ್ ಮರೆಯಾಗಲಿಲ್ಲ. ಲೋಹ ಎಡೆಬಿಡದ ಅದುರಿಕೆಯಿಂದ ದಣಿದು ಬಿರುಕುಬಿಡುವುದುಂಟು. ಮರ ಅಂತಹ ಅದುರಿಕೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅದು ಹಗುರವೂ ಹೌದು. ಹೀಗಾಗಿ ಚಿಕ್ಕ ವಿಮಾನಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ. ಈಗ ಒರಟು ಕೆತ್ತನೆಯನ್ನು ಬಹುಮಟ್ಟಿಗೆ ಯಂತ್ರವೇ ಮಾಡುತ್ತದೆ. ಕೊನೆಯ ನಯಗೆಲಸವನ್ನೂ ಸಮತೂಕವನ್ನೂ ಮನುಷ್ಯನ ಕೈಯೇ ನೋಡಿಕೊಳ್ಳುತ್ತದೆ. ಯಂತ್ರಕ್ಕೆ ಜೋಡಿಸಿದ ಮೇಲೂ ನಾಭಿಯ ಬೋಲ್ಟುಗಳನ್ನು ಋತು ಬದಲಾದಾಗಲೆಲ್ಲ ಪರೀಕ್ಷಿಸಬೇಕು. ಏಕೆಂದರೆ ಕಡಿದು ಎಷ್ಟು ವರ್ಷವಾದರೂ ಮರ ಮಳೆ ಬಿಸಿಲುಗಳನ್ನು ಮರೆಯುವುದಿಲ್ಲ.

ಉಡುಪಿಗೆ ಸಮೀಪದ ಮಣಿಪಾಲದಲ್ಲಿ 1957ರಲ್ಲಿ ಆರಂಭವಾದ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಇಂದು ವಿಮಾನಶಾಸ್ತ್ರವನ್ನೂ ಬೋಧಿಸುತ್ತಾರೆ. ಅಲ್ಲಿ ಕಲಿಯುವ ಗಾಳಿಯ ಗಣಿತಕ್ಕೂ ಅದೇ ನಾಡಿನ ಬಡಗಿ ಬಲ್ಲ ಮರದ ಮರ್ಮಕ್ಕೂ ವಿರೋಧವಿಲ್ಲ. ಲೆಕ್ಕವಿಲ್ಲದ ಕೈ ಕುರುಡು. ಕೈಯಿಲ್ಲದ ಲೆಕ್ಕ ಕುಂಟು. ಮರದ ಪ್ರೊಪೆಲ್ಲರಿನಲ್ಲಿ ಇವೆರಡೂ ಒಂದಾಗಿವೆ. ಹಾರುವವನು ಅದನ್ನು ಕೆತ್ತಿದವನ ಮುಖವನ್ನು ನೋಡಿರುವುದಿಲ್ಲ. ಅಂಟಿನ ಪದರದೊಳಗೆ ಏನಿದೆಯೆಂದು ಬಿಡಿಸಿ ನೋಡಲೂ ಆಗುವುದಿಲ್ಲ. ಯಾರೂ ನೋಡದ ಕಡೆಯಲ್ಲಿಯೂ ಕುಶಲಿ ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ್ದಾನೆಂಬ ನಂಬಿಕೆಯ ಮೇಲೆಯೇ ಅವನು ನೆಲವನ್ನು ಬಿಟ್ಟು ಮೇಲೇರುತ್ತಾನೆ.

ಅಭ್ಯಾಸ

1. ದೋಣಿಯ ಹುಟ್ಟಿಗೂ ಪ್ರೊಪೆಲ್ಲರಿಗೂ ಇರುವ ಹೋಲಿಕೆ ಮತ್ತು ವ್ಯತ್ಯಾಸಗಳೇನು?
2. ಪ್ರೊಪೆಲ್ಲರಿನ ಅಲಗು ಬುಡದಿಂದ ತುದಿಗೆ ತಿರುಚಿಕೊಂಡಿರಲು ಕಾರಣವೇನು?
3. ಒಂದೇ ತೊಲೆಯ ಬದಲು ಹಲವು ಹಲಗೆಗಳನ್ನು ಅಂಟಿಸುವುದರಿಂದ ಆಗುವ ಪ್ರಯೋಜನಗಳನ್ನು ವಿವರಿಸಿರಿ.
4. 1908ರ ಅಪಘಾತದ ಕಾರಣವನ್ನೂ ಅದರಿಂದ ತಿಳಿಯುವ ಪಾಠವನ್ನೂ ಬರೆಯಿರಿ.
5. “ಲೆಕ್ಕವಿಲ್ಲದ ಕೈ ಕುರುಡು, ಕೈಯಿಲ್ಲದ ಲೆಕ್ಕ ಕುಂಟು” – ಈ ಮಾತನ್ನು ನಿಮ್ಮ ಊರಿನ ಯಾವುದಾದರೂ ಒಂದು ಕುಶಲಕಲೆಗೆ ಅನ್ವಯಿಸಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.